ಡಾ. ಎಚ್. ನರಸಿಂಹಯ್ಯ (1920–2005)

ವಿಜ್ಞಾನಿ, ಶಿಕ್ಷಣ ತಜ್ಞ ಹಾಗೂ ಗಾಂಧಿವಾದಿ ಡಾ. ಎಚ್. ನರಸಿಂಹಯ್ಯನವರು 1920ರ ಜೂನ್ 6ರಂದು ಅಂದಿನ ಕೋಲಾರ ಜಿಲ್ಲೆಯ (ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ) ಗೌರಿಬಿದನೂರು ತಾಲ್ಲೂಕಿನ ಹೊಸೂರು ಗ್ರಾಮದಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. ಓದಿನ ಹಂಬಲದಿಂದ ಕಾಲ್ನಡಿಗೆಯಲ್ಲಿಯೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆವಾಸ ಅನುಭವಿಸಿದರು. ಬಳಿಕ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ಪ್ರತಿ ಬುಧವಾರ ಜನಸಾಮಾನ್ಯರಿಗೂ ವಿಜ್ಞಾನದ ಉಪನ್ಯಾಸಗಳು ದೊರೆಯುವಂತೆ ಮಾಡಿದರು.

1972ರಲ್ಲಿ ಇವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ನೇಮಕಗೊಂಡರು. ಇವರ ಹೆಸರು ನಾಡಿನಾಚೆಗೂ ಪರಿಚಿತವಾದದ್ದು 1976ರಲ್ಲಿ ಇವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯವು ರಚಿಸಿದ, ಪವಾಡಗಳು ಹಾಗೂ ಪರಿಶೀಲನೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನು ಕುರಿತ ಸಮಿತಿಯಿಂದ. ಪರಿಶೀಲನೆಗೆ ಒಳಪಡಿಸಬಹುದಾದ ಎಂಬ ಮಾತು ಇಲ್ಲಿ ಮುಖ್ಯವಾದುದು. ದೇವರಿದ್ದಾನೆಯೇ ಇಲ್ಲವೇ ಎಂಬುದು ಸಮಿತಿಯ ಪ್ರಶ್ನೆಯಾಗಿರಲಿಲ್ಲ. ಬರಿಗೈಯಿಂದ ವಸ್ತುವೊಂದು ಬಂದಿತೆಂದು ಹೇಳಿದಾಗ ಅದು ನಿಜವಾಗಿ ಎಲ್ಲಿಂದ ಬಂದಿತೆಂಬುದಷ್ಟೇ ಪ್ರಶ್ನೆಯಾಗಿತ್ತು.

ಪಾಂಡವಪುರದ ಬಾಲಕನೊಬ್ಬನ ಮೈಯಿಂದ ವಿಭೂತಿ ಉದುರುತ್ತದೆಂಬ ಸುದ್ದಿ ಆಗ ಹಬ್ಬಿತ್ತು. ಸಮಿತಿಯವರು ಸ್ಥಳಕ್ಕೆ ತೆರಳಿ ಪರಿಶೀಲಿಸಿದಾಗ ವಿಭೂತಿಯನ್ನು ಉಡುಪಿನಲ್ಲಿ ಅಡಗಿಸಿಟ್ಟಿದ್ದುದು ತಿಳಿದುಬಂದಿತು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ, ನಿಯಂತ್ರಿತ ಪರಿಸ್ಥಿತಿಯಲ್ಲಿ ಪವಾಡಗಳನ್ನು ಪ್ರದರ್ಶಿಸಬೇಕೆಂದು ಕೋರಿ ನರಸಿಂಹಯ್ಯನವರು ಮೂರು ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಅಧ್ಯಾತ್ಮವು ವಿಜ್ಞಾನದ ವ್ಯಾಪ್ತಿಗೆ ಮೀರಿದುದೆಂಬುದು ಬಾಬಾ ಅವರ ನಿಲುವಾಗಿತ್ತು. ಇಂತಹ ವಿಷಯದಲ್ಲಿ ವಿಶ್ವವಿದ್ಯಾಲಯವು ಕೈಹಾಕುವುದು ಉಚಿತವೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. 1977ರಲ್ಲಿ ಇವರ ಅಧಿಕಾರಾವಧಿ ಮುಗಿದ ಬಳಿಕ ಸಮಿತಿಯೂ ಕೊನೆಗೊಂಡಿತು. ಹೆಚ್ಚಿನ ಪ್ರಕರಣಗಳನ್ನು ಕೈಗೆತ್ತಿಕೊಳ್ಳಲು ಅವಕಾಶ ದೊರೆಯದಿದ್ದುದು ನಷ್ಟವೆಂದೇ ಹೇಳಬೇಕು.

ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ವಿಷಯಗಳು ಈ ಸಮಿತಿಯ ಮುಂದೆ ಬಂದವುಗಳಲ್ಲ. ಆದರೂ ಇದರ ವಿಧಾನವು ಇಲ್ಲಿನ ಓದುಗರಿಗೆ ಉಪಯುಕ್ತವಾದುದು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಸಂದರ್ಭದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ಕೆಲವೇ ಪದಗಳ ಆ ನುಡಿಯನ್ನು ರೈತರು ಮಳೆ-ಬೆಳೆಗೆ, ಇತರರು ರಾಜಕೀಯಕ್ಕೆ ಅನ್ವಯಿಸಿಕೊಳ್ಳುವುದು ವಾಡಿಕೆ. ಅದನ್ನು ಪರಂಪರೆಯಾಗಿ ಗೌರವಿಸುವುದು ಒಂದು ವಿಷಯ, ಮುನ್ಸೂಚನೆಯೆಂದು ನಂಬಿ ಬಿತ್ತನೆ ನಿರ್ಧರಿಸುವುದು ಮತ್ತೊಂದು. ಎರಡನೆಯದನ್ನು ಪರಿಶೀಲಿಸಬೇಕಾದರೆ ನುಡಿಯ ಅರ್ಥವನ್ನು ಅಂದೇ ಬರೆದಿಟ್ಟು, ಸುಗ್ಗಿಯ ಬಳಿಕ ಹೋಲಿಸಿ ನೋಡಬೇಕು. ಮಳೆ ಬಂದ ಮೇಲೆ ಅರ್ಥ ಹೇಳಿದರೆ ಯಾವ ನುಡಿಯೂ ತಪ್ಪಾಗುವುದಿಲ್ಲ.

ಕಾಕತಾಳೀಯವೆಂಬಂತೆ, 1976ರಲ್ಲಿಯೇ ಅಮೆರಿಕದಲ್ಲಿಯೂ ಅತೀಂದ್ರಿಯ ಪ್ರತಿಪಾದನೆಗಳನ್ನು ಪರಿಶೀಲಿಸುವ ವಿಜ್ಞಾನಿಗಳ ಸಮಿತಿಯೊಂದು ರಚನೆಯಾಯಿತು. ಮುಂದೆ ನರಸಿಂಹಯ್ಯನವರು ಅದರ ಫೆಲೋ ಆಗಿದ್ದರು. 1984ರಲ್ಲಿ ಭಾರತ ಸರ್ಕಾರವು ಇವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. ವಿಧಾನ ಪರಿಷತ್ತಿನ ಸದಸ್ಯರಾಗಿಯೂ, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾಗಿಯೂ ಇವರು ಕಾರ್ಯನಿರ್ವಹಿಸಿದರು. ಆತ್ಮಕಥೆಯ ಹೆಸರು 'ಹೋರಾಟದ ಹಾದಿ'.

ಖಾದಿಧಾರಿಯಾಗಿ, ಅವಿವಾಹಿತರಾಗಿ ಉಳಿದ ಇವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ದಶಕಗಳ ಕಾಲ ವಾಸವಾಗಿದ್ದು, 2005ರ ಜನವರಿ 31ರಂದು ನಿಧನ ಹೊಂದಿದರು.