ಊರೂರು ಸುತ್ತಿದ ಶಾಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬಂದ ನಾವು ರೂಮು ಹುಡುಕುವಾಗ ನೋಡಿದ್ದು ಬಾಡಿಗೆ, ಅಡ್ವಾನ್ಸ್, ವೈಫೈ ಅಷ್ಟೇ. ಬಾತ್‌ರೂಮಿಗೆ ವೀಲ್‌ಚೇರ್ ಹೋಗುತ್ತಾ, ಮೆಟ್ಟಿಲ ಪಕ್ಕ ಹಿಡಿದುಕೊಳ್ಳೋಕೆ ಕಂಬಿ ಇದೆಯಾ ಅಂತ ಯಾರೂ ನೋಡಲಿಲ್ಲ. ಬಡ ಬಾಡಿಗೆದಾರನೊಬ್ಬನಿಗೆ ಅವೆಲ್ಲ ಬೇಕಾದರೆ ದುಡ್ಡು ಯಾರು ಹಾಕಬೇಕು? ಹೀಗೆ ಮಾತಾಡುವಾಗ ನೆನಪಾದವರು ಪಂಚಾಕ್ಷರಿ ಗವಾಯಿಗಳು.

ಅವರು ನಮ್ಮ ಶಿರಸಿ ಪಕ್ಕದ ಹಾನಗಲ್ ತಾಲೂಕಿನವರು. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಮೊದಲ ಹೆಸರು ಗದಿಗೆಯ್ಯ. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ, ಅಣ್ಣನಿಗೂ ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಹೋಗಿ ಸಂಗೀತ ಕಲಿಯಲು ಹಚ್ಚಿದರು. ಗದಿಗೆಯ್ಯ ಕರ್ನಾಟಕಿ, ಹಿಂದೂಸ್ತಾನಿ ಎರಡರಲ್ಲೂ ಪಳಗಿದರು.

ಹೆಸರು ಬಂದ ಮೇಲೆ ಕಛೇರಿ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಅವರು ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಸೇರಿಸಿ ಶಾಲೆ ಶುರು ಮಾಡಿದರು. ಸ್ವಂತ ಕಟ್ಟಡ ಎಲ್ಲಿತ್ತು? ಶಾಲೆಯೇ ಊರೂರು ಸುತ್ತುತ್ತಿತ್ತು. ಕಣ್ಣು ಕಾಣದ ಹುಡುಗನಿಗೆ ಹೊಸ ಜಾಗ ಅಂದ್ರೆ ಬಾಗಿಲು, ಬಾವಿ, ಹೊಸ್ತಿಲು ಎಲ್ಲಾ ಮತ್ತೆ ಮೊದಲಿಂದ ಕಲೀಬೇಕು. (ಹಾಸ್ಟೆಲ್ ರೂಮು ಬದಲಾದ್ರೆ ನಾವು ಎಷ್ಟು ಗೊಣಗ್ತೀವಿ!) ಖರ್ಚಿಗೆ ನಾಟಕ ಕಂಪನಿ ಕಟ್ಟಿದರು, ಅದರ ಗಳಿಕೆಯೂ ಹುಡುಗರ ಊಟಕ್ಕೇ. ಬಸವರಾಜ ರಾಜಗುರು ಅವರ ಶಿಷ್ಯರೇ.

ಕೊನೆಗೆ ಗದಗದಲ್ಲಿ ಬಸರಿಗಿಡದ ವೀರಪ್ಪನವರು ಆಸರೆಯಾದರು. ಅವರ ಹೆಸರಿನಲ್ಲೇ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. 1944ರಲ್ಲಿ ಗವಾಯಿಗಳು ತೀರಿಕೊಂಡರು. ಆಮೇಲೆ ಆಶ್ರಮದ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. 2010ರವರೆಗೂ ಅಲ್ಲೇ ಇದ್ದು ಮಕ್ಕಳನ್ನು ಸಾಕಿದರು.