ಜೀವಕೋಶದ ಮಿತವ್ಯಯ ಅರಿತ ಮೊನೊ

ಬೇಡಿಕೆಯಿಲ್ಲದ ಸರಕನ್ನು ಉತ್ಪಾದಿಸುವ ಕಾರ್ಖಾನೆ ಬಹುಕಾಲ ಬಾಳದು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಸಿದ ಭದ್ರಾವತಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಕೂಡ ಇದೇ ಅರ್ಥಶಾಸ್ತ್ರವನ್ನು ಪಾಲಿಸುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಪ್ರಮುಖರು ಫ್ರಾನ್ಸಿನ ಜೀವವಿಜ್ಞಾನಿ ಜಾಕ್ ಮೊನೊ.

1910ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಮೊನೊ ಚಿತ್ರಕಲಾವಿದರೊಬ್ಬರ ಮಗ. ಬಾಲ್ಯದ ಪೋಲಿಯೊ ಅವರ ಕಾಲನ್ನು ಊನಗೊಳಿಸಿತು. ವಿಜ್ಞಾನದಷ್ಟೇ ಸಂಗೀತವೂ ಅವರನ್ನು ಸೆಳೆದಿತ್ತು. 1941ರ ಸಂಶೋಧನಾ ಪ್ರಬಂಧದಲ್ಲಿ ಅವರೊಂದು ವಿಚಿತ್ರ ಸಂಗತಿಯನ್ನು ವಿವರಿಸಿದರು. ಗ್ಲೂಕೋಸ್ ಜತೆಗೆ, ಹಾಲಿನಲ್ಲಿರುವ ಲ್ಯಾಕ್ಟೋಸ್‌ನಂತಹ ಇನ್ನೊಂದು ಸಕ್ಕರೆಯನ್ನೂ ಒದಗಿಸಿದರೆ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸನ್ನು ಮುಗಿಸುತ್ತದೆ; ತುಸು ಕಾಲ ಬೆಳವಣಿಗೆ ನಿಲ್ಲಿಸಿ, ಆನಂತರವೇ ಎರಡನೆಯದಕ್ಕೆ ಕೈಹಾಕುತ್ತದೆ. ಏಕೆ?

ದೇಶ ಆಗ ಜರ್ಮನಿಯ ವಶದಲ್ಲಿತ್ತು. ಮೊನೊ ಭೂಗತ ಪ್ರತಿರೋಧ ಚಳವಳಿಯನ್ನು ಸೇರಿ ಜೀವವನ್ನು ಪಣಕ್ಕಿಟ್ಟರು. ಆದರೆ ಪ್ರಶ್ನೆಯನ್ನು ಕೈಬಿಡಲಿಲ್ಲ. 1945ರಲ್ಲಿ ಪ್ಯಾಶ್ಚರ್ ಸಂಸ್ಥೆ ಸೇರಿದ ಅವರು, 1961ರಲ್ಲಿ ಫ್ರಾಂಸ್ವಾ ಜಾಕೋಬ್ ಅವರೊಡನೆ ಉತ್ತರ ಮಂಡಿಸಿದರು. ಲ್ಯಾಕ್ಟೋಸ್ ಇಲ್ಲದಾಗ ಅದನ್ನು ಅರಗಿಸುವ ಕಿಣ್ವಗಳ ವಂಶವಾಹಿಗಳಿಗೆ ನಿಯಂತ್ರಕವೊಂದು ಬೀಗ ಹಾಕಿರುತ್ತದೆ. ಲ್ಯಾಕ್ಟೋಸ್‌ನಿಂದ ಹುಟ್ಟುವ ಪುಟ್ಟ ಅಣು ಅಂಟಿದೊಡನೆ ಆ ಬೀಗ ಸಡಿಲುತ್ತದೆ. ಬೀಗವು ನಾಲ್ಕು ಘಟಕಗಳು ಕೂಡಿದ ಪ್ರೋಟೀನ್ ಎಂಬುದು ಮುಂದೆ ಖಚಿತವಾಯಿತು.

ಚಿಕ್ಕ ಅಣುಗಳು ಬಹುಘಟಕ ಪ್ರೋಟೀನುಗಳ ರೂಪವನ್ನು ಬದಲಿಸುವ ಬಗೆಯನ್ನು ಮೊನೊ 1965ರಲ್ಲಿ ವೈಮನ್ ಮತ್ತು ಶಾಂಜೋ ಅವರೊಡನೆ ವಿವರಿಸಿದರು. ಅದೇ ವರ್ಷ ಜಾಕೋಬ್ ಮತ್ತು ಲ್ವೊಫ್ ಅವರೊಂದಿಗೆ ನೊಬೆಲ್ ಪಡೆದರು. ಕೆಲವು ನಿಯಂತ್ರಕಗಳಲ್ಲಿ ಘಟಕಗಳ ಜೋಡಣೆಯೇ ಇಂತಹ ಅಣುವನ್ನು ಅವಲಂಬಿಸಿದೆ. ಅರ್ಜಿನೈನ್ ಎಂಬ ಅಮೈನೋ ಆಮ್ಲ ಹೆಚ್ಚಿದಾಗ, ಮೂರು ಮೂರು ಘಟಕಗಳ ಎರಡು ಗುಂಪುಗಳು ಅದರ ನೆರವಿನಿಂದಲೇ ಒಂದಾಗಿ ಬಿಗಿದುಕೊಂಡು ಅರ್ಜಿನೈನ್ ತಯಾರಿಕೆಗೆ ತಡೆಯೊಡ್ಡುತ್ತವೆ. ದಾಸ್ತಾನು ತುಂಬಿದರೆ ಉತ್ಪಾದನೆ ಸ್ಥಗಿತ!

1971ರಲ್ಲಿ ಪ್ಯಾಶ್ಚರ್ ಸಂಸ್ಥೆಯ ನಿರ್ದೇಶಕರಾದ ಮೊನೊ 1976ರಲ್ಲಿ ನಿಧನರಾದರು. ಎರಡೇ ವರ್ಷಗಳಲ್ಲಿ, 1978ರಲ್ಲಿ, ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ಪಡೆದದ್ದು ಇದೇ ಲ್ಯಾಕ್ಟೋಸ್ ನಿಯಂತ್ರಣ ವ್ಯವಸ್ಥೆಯನ್ನು ಬಳಸಿ. ಶಿವಮೊಗ್ಗದ ಔಷಧದ ಅಂಗಡಿಯಲ್ಲಿ ಇನ್ಸುಲಿನ್ ಕೊಳ್ಳುವ ಮಧುಮೇಹಿಗೂ ಆ ಸಕ್ಕರೆಯ ಪ್ರಶ್ನೆಯ ಫಲ ತಲುಪಿದೆ.

ಸಂಶೋಧನೆಗೆ ಅನುದಾನ ಕೇಳಿದರೆ ಸರ್ಕಾರಿ ಕಡತ ಮೊದಲು ವಿಚಾರಿಸುವುದು ತಕ್ಷಣದ ಉಪಯೋಗವೇನು ಎಂದು. 1941ರಲ್ಲಿ ಮೊನೊ ಅವರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಭದ್ರಾವತಿ ಸಮೀಪದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದುವ ನಮ್ಮ ಮಕ್ಕಳಲ್ಲೂ ಇಂತಹ ಪ್ರಶ್ನೆಗಳು ಹುಟ್ಟಬಹುದು. ಉಪಯೋಗ ತಿಳಿಯುವವರೆಗೆ ಅವಕ್ಕೆ ಆಸರೆ ನೀಡುವ ತಾಳ್ಮೆ ನಮ್ಮ ಆಡಳಿತಕ್ಕಿರಬೇಕು.