ಒತ್ತು ಹಿಡಿದು ಕೊಟ್ಟ ಜೋನ್ಸ್

ಅಪ್ಪ ಬ್ಯಾರಿಸ್ಟರ್. 1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಗ ಡೇನಿಯಲ್ ಜೋನ್ಸ್ ಕಾನೂನು ಓದಿದರೂ ವಕೀಲಿಕೆ ಮಾಡಲಿಲ್ಲ. ಪ್ಯಾರಿಸ್‌ನಲ್ಲಿ ಪಾಲ್ ಪಾಸಿ ಅವರಿಂದ ಧ್ವನಿಶಾಸ್ತ್ರ ಕಲಿತು, 1907ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಶುರುಮಾಡಿದರು. ಗ್ರಾಮಫೋನ್ ಮುಳ್ಳನ್ನು ನಡುನಡುವೆ ಎತ್ತಿ, ಮಾತಿನ ಏರಿಳಿತವನ್ನು ಕಿವಿಯಿಂದಲೇ ಗುರುತಿಸಿ 1909ರಲ್ಲಿ ಪುಸ್ತಕ ತಂದರು. 1917ರ ಅವರ ಉಚ್ಚಾರಣೆ ನಿಘಂಟು, ಪದದ ಯಾವ ಭಾಗಕ್ಕೆ ದನಿ ಒತ್ತಬೇಕೆಂದು ಗುರುತು ಹಾಕಿ ತೋರಿಸಿತು. ‘ರೆಕಾರ್ಡ್’ ಪದದ ಮೊದಲಿಗೆ ಒತ್ತು ಬಿದ್ದರೆ ದಾಖಲೆ. ಕೊನೆಗೆ ಬಿದ್ದರೆ ದಾಖಲಿಸು. 1921ರಲ್ಲಿ ಪ್ರಾಧ್ಯಾಪಕರಾದ ಜೋನ್ಸ್ 1967ರಲ್ಲಿ ತೀರಿಕೊಂಡರು.

ಕನ್ನಡದಲ್ಲಿ ಒತ್ತು ಬದಲಾದರೆ ಪದದ ಅರ್ಥ ಬದಲಾಗದು. ಹೀಗಾಗಿ ವ್ಯಾಕರಣ ಸರಿಯಿದ್ದರೂ ಮೀಟಿಂಗಿನಲ್ಲಿ ನಮ್ಮ ಮಾತನ್ನು ಮತ್ತೊಮ್ಮೆ ಹೇಳಿಸುತ್ತಾರೆ. ನಾಚಬೇಕಿಲ್ಲ; ಒತ್ತು ಹುಟ್ಟಿನಿಂದ ಬರಬೇಕಾದ್ದಲ್ಲ, ಕಿವಿಗೊಟ್ಟು ಕಲಿಯಬಹುದಾದ್ದು.